ಮಾವನ ಬಲಗಾಲು

ಮಾರ್ಚ್ 4, ಸಂಜೆ

ಗುಲಾಬಿ ಸಸಿಗಳಿಗೆ ನೀರು ಬಿಟ್ಟೆ. ಮೂರನೇ ಸಾಲಿನ ಪೈಪ್ ಇನ್ನೂ ಸೋರುತ್ತಿದೆ. ಅದನ್ನು ಕಟ್ಟುತ್ತಾ ಕೂತಿದ್ದಾಗಲೇ ಸದ್ದು. ನರ್ಸರಿಯ ಗಾಜಿನ ಮನೆಯ ಬಾಗಿಲು ಪುಡಿಪುಡಿ.

ಮಾವ ಚಿಕ್ಕ ಟ್ರ್ಯಾಕ್ಟರಿನಲ್ಲಿ ಗೊಬ್ಬರದ ಟ್ರೇಲರ್ ಎಳೆದುಕೊಂಡು ಏರು ಹತ್ತಿದವರು ನಿಲ್ಲಿಸಲೇ ಇಲ್ಲ. ಬ್ರೇಕ್ ತುಳಿಯುವಷ್ಟರಲ್ಲಿ ಬಾಗಿಲು. ನನ್ನ ಹೆಂಡತಿ ಒಳಗೆ ಕುಂಡ ಹಿಡಿದು ನಿಂತಿದ್ದಳು... ಒಂದು ಮಾರು ದೂರ. ಕೂದಲಲ್ಲಿ ಗಾಜಿನ ಚೂರು. ಸದ್ಯ, ಬೇರೇನೂ ಆಗಲಿಲ್ಲ.

"ಕಾಲು ತೆಗೆದೆ. ಪೆಡಲ್ ಮೇಲಕ್ಕೆ ಬರಲಿಲ್ಲ," ಎಂದರು ಮಾವ.

ಹೈಡ್ರೋಸ್ಟ್ಯಾಟಿಕ್ ಗಾಡಿ. ಕ್ಲಚ್ಚಿನ ರಗಳೆಯಿಲ್ಲ. ಒತ್ತಿದರೆ ಓಡುತ್ತದೆ, ಕಾಲು ತೆಗೆದರೆ ಪೆಡಲ್ ತಾನೇ ಮೇಲೆದ್ದು ಗಾಡಿ ನಿಲ್ಲುತ್ತದೆ. ಮನೆಯ ಮೆಕ್ಯಾನಿಕ್ ನಾನೇ ತಾನೆ? ಬಗ್ಗಿ ಕೈಯಿಂದ ಒತ್ತಿ ನೋಡಿದೆ. ಟಪ್ ಎಂದು ಬಂತು. ಮತ್ತೆ ಒತ್ತಿದೆ, ಮತ್ತೆ ಬಂತು. ಕೆಲಸದವರಿಬ್ಬರೂ ನೋಡುತ್ತಿದ್ದರು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದೆ.

ನಕ್ಕರು. ಮಾವನೂ ನಕ್ಕರು, ತುಸು ತಡವಾಗಿ. ಇವಳು ಅಪ್ಪನ ಕೈಯಿಂದ ಕೀ ಇಸಿದುಕೊಂಡು ನನಗೆ ಕೊಟ್ಟಳು.

ಮಾರ್ಚ್ 9

ಇವಳ ಒತ್ತಾಯಕ್ಕೆ ಮಾವನನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಕಾಲು ಬಗ್ಗಿಸಿ, ತಟ್ಟಿ ನೋಡಿದರು. "ವಯಸ್ಸಿಗೆ ತಕ್ಕ ಹಾಗಿದೆ." ಯಾವ ಕಡೆಗೆ ಬೇಕಾದರೂ ಎಳೆಯಬಹುದಾದ ಮಾತು. ನಮ್ಮ ಕಡೆಗೆ ಎಳೆದುಕೊಂಡೆವು.

ಮಾರ್ಚ್ 17

ಮಾವ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಾರೆ. ಕೋಲು ಬಂದಿದೆ. ಸೈಕಲ್ಲನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರು. ನನ್ನ ಮಗಳು ಎತ್ತಿಕೋ ಎಂದು ಕೈ ಚಾಚಿದರೆ, "ಬೇಡ ಪುಟ್ಟಿ, ತಾತನ ಕಾಲು ಹೇಳಿದ ಮಾತು ಕೇಳಲ್ಲ," ಎನ್ನುತ್ತಾರೆ. ಗೊಬ್ಬರ ಹೊರುವವನು ಅವರಿಗೆ ನೆಲಡೊಂಕಜ್ಜ ಎಂದು ಹೆಸರಿಟ್ಟಿದ್ದಾನಂತೆ. ಗದರಬೇಕಿತ್ತು. ಸುಮ್ಮನಾದೆ.

"ಸದ್ಯ, ಅಪ್ಪನ ಕಾಲಿನ ವಿಷಯ ಆವತ್ತೇ ಗೊತ್ತಾಯ್ತಲ್ಲ ರೀ," ಎಂದಳು ಇವಳು. ಹೂಂ ಎಂದೆ. ಒಳಗೊಳಗೇ ಹೆಮ್ಮೆ.

ಮಾರ್ಚ್ 26, ಮಧ್ಯಾಹ್ನ

ಇವತ್ತು ಗಾಡಿ ಓಡಿಸಿದವನು ನಾನು.

ಟ್ರೇಲರ್ ತುಂಬ ಹಸಿ ಮಣ್ಣು. ಏರಿನಲ್ಲಿ ಎಳೆಯಲಿಲ್ಲ ಎಂದು ಪೆಡಲ್ ಪೂರ್ತಿ ಒತ್ತಿದೆ. ಮೇಲೆ ಬಂದು ಕಾಲು ತೆಗೆದೆ. ನಿಲ್ಲಲಿಲ್ಲ. ಅದೇ ಬಾಗಿಲು, ಹೊಸ ಗಾಜು, ಎದುರಿಗೇ ಬರುತ್ತಿದೆ... ಶೂ ತುದಿಯನ್ನು ಪೆಡಲಿನಡಿ ತೂರಿಸಿ ಮೇಲಕ್ಕೆತ್ತಿದೆ. ನಿಂತಿತು. ಯಾರೂ ನೋಡಲಿಲ್ಲ.

ಶೆಡ್ಡಿಗೆ ತಂದು ಬಿಚ್ಚಿದೆ. ಮ್ಯಾಟ್ ಕೆಳಗೆ ಏನೂ ಸಿಕ್ಕಿಕೊಂಡಿಲ್ಲ. ಸ್ಪ್ರಿಂಗ್ ಗಟ್ಟಿ. ಪೆಡಲಿನಿಂದ ಗಾಡಿ ಓಡಿಸುವ ಪಂಪಿಗೆ ಹೋಗುವ ರಾಡನ್ನು ಕಳಚಿ ನೋಡಿದೆ — ಪಂಪಿನ ಕಡೆ ಸಲೀಸಾಗಿ ಆಡುತ್ತದೆ. ಹಾಗಾದರೆ ದೋಷ ಪೆಡಲಿನದೇ. ಅರ್ಧ ಒತ್ತಿದರೆ ಟಪ್ ಎಂದು ಬರುತ್ತದೆ. ಪೂರ್ತಿ ಒತ್ತಿದರೆ ಅಲ್ಲೇ ಕೂರುತ್ತದೆ.

ಆವತ್ತು ಕೈಯಿಂದ ಅರ್ಧ ಮಾತ್ರ ಒತ್ತಿದ್ದೆ.

ಪೆಡಲ್ ತಿರುಗುವ ಪಿನ್ ಹೊರಗೆಳೆದೆ. ಒಂದು ಪಕ್ಕ ತುಕ್ಕು ಹಿಡಿದು ಉಬ್ಬಿದೆ. ಗ್ರೀಸಿನ ಪಸೆಯೂ ಇಲ್ಲ. ಪ್ರತಿ ಸರ್ವಿಸಿಗೂ ಹೊಡೆಯುತ್ತೇನಲ್ಲ, ಎಲ್ಲಿ ಹೋಯಿತು? ನೋಡಿದರೆ ಗ್ರೀಸ್ ಒಳಗೆ ಹೋಗುವ ನಿಪ್ಪಲ್‌ನ ಬಾಯಿಯೇ ಮುಚ್ಚಿದೆ. ಹಸಿರು ಪೇಂಟ್. ಗಾಡಿ ಹೊಸದರ ಹಾಗೆ ಕಾಣಲಿ ಎಂದು ಹೋದ ವರ್ಷ ಬಳಿದವನು ನಾನು. ಬ್ರಷ್ಷಿನ ಗೆರೆ ಕೂಡ ಕಾಣುತ್ತದೆ.

ಮಾರ್ಚ್ 27

ಪಿನ್ ಉಜ್ಜಿದೆ. ಹೊಸ ನಿಪ್ಪಲ್, ಹೊಸ ಗ್ರೀಸ್. ಪೆಡಲ್ ಈಗ ಬೆಣ್ಣೆ.

ಊಟಕ್ಕೆ ಕೂತಾಗ ಮಾವ ಕೇಳಿದರು: "ಗಾಡಿ ಬಿಚ್ಚಿದ್ರಿ. ಏನಾದ್ರೂ ತೊಂದರೆನಾ?"

"ಇಲ್ಲ ಮಾವ. ಸುಮ್ಮನೆ ಸರ್ವಿಸ್."

ತಲೆಯೆತ್ತದೆ ಮಜ್ಜಿಗೆ ಸುರಿದುಕೊಂಡೆ.

ಏಪ್ರಿಲ್ 5

ಬರೆಯಲು ಮುಖವಿರಲಿಲ್ಲ. ದಿನಾ ನಾಳೆ ಹೇಳೋಣ, ನಾಳೆ ಹೇಳೋಣ.

ಬೆಳಿಗ್ಗೆ ಮಾವನೇ ಬಂದರು. "ಅಳಿಯಂದ್ರೇ, ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕ್ತೀರಾ? ಬೀಳ್ತೀನೇನೋ ಅಂತ ಭಯ."

ಡ್ರಿಲ್ ತಂದೆ. ಗೋಡೆಗೆ ಆನಿಸಿ ನಿಂತೆ. ಒತ್ತಲು ಬೆರಳು ಬರಲಿಲ್ಲ.

"ಮಾವ, ನಿಮ್ಮ ಕಾಲಿಗೆ ಏನೂ ಆಗಿಲ್ಲ. ಪೆಡಲ್ ನಿಜವಾಗ್ಲೂ ಸಿಕ್ಕಿಕೊಳ್ತಿತ್ತು." ಎಲ್ಲ ಹೇಳಿದೆ. ಪೇಂಟಿನದೂ ಹೇಳಿದೆ.

ಮಾವ ಬಚ್ಚಲ ಕಟ್ಟೆಯ ಮೇಲೆ ಕೂತು ತಮ್ಮ ಬಲಪಾದವನ್ನು ನೋಡಿಕೊಂಡರು.

"ಯಾವಾಗ ಗೊತ್ತಾಯ್ತು?"

"ಗಾಡಿ ಬಿಚ್ಚಿದ ದಿನಾನೇ."

"ಹೂಂ... ಸರ್ವಿಸ್."

ಕ್ಷಮಿಸಿ ಎಂದೆ. ಕೇಳಿಸಿಕೊಂಡಂತೆ ಕಾಣಲಿಲ್ಲ.

"ನೀವು ಅಂದಿದ್ದು ಹಾಗಿರಲಿ. ಕಾಲು ತೆಗೆದಿದ್ದು ನಂಗೆ ಚೆನ್ನಾಗಿ ಗೊತ್ತಿತ್ತು. ಆದ್ರೂ ನಂಬಿಬಿಟ್ಟೆ ನೋಡಿ. ನನ್ನ ಕಾಲನ್ನ ನಾನೇ ನಂಬಲಿಲ್ಲ." ಕೋಲು ತೆಗೆದುಕೊಂಡು ಎದ್ದರು. ಬಾಗಿಲಲ್ಲಿ ನಿಂತರು. "ನಗಿಸಿದ್ದು ಎಲ್ಲರ ಮುಂದೆ. ಹೇಳೋದು ಬಚ್ಚಲಲ್ಲಾ?"

ಡ್ರಿಲ್ ಕೆಳಗಿಟ್ಟೆ.

"ಕಂಬಿ ಹಾಕಿ. ಈಗ ಕಾಲು ನಿಜವಾಗ್ಲೂ ನಡುಗುತ್ತೆ."

ಹಾಕಿದೆ. ಎರಡು ಸಲ ಜಗ್ಗಿ ನೋಡಿದೆ.

ಸಂಜೆ ಇವಳಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. "ಕೀ ಇಸ್ಕೊಂಡವಳು ನಾನು ಕಣ್ರೀ," ಎಂದಳು. ಆಮೇಲೆ ಅಪ್ಪನ ಕೋಣೆಗೆ ಹೋದಳು. ಮಾತು ಕೇಳಿಸಲಿಲ್ಲ. ಹೊರಬಂದಾಗ ನನ್ನ ಮುಖ ನೋಡಲಿಲ್ಲ.

ಏಪ್ರಿಲ್ 6, ಚಹಾ ಹೊತ್ತು

ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಎಲ್ಲರೂ ಸೇರಿದ್ದಾರೆ. ಗೊಬ್ಬರದವನು, ಕಸಿ ಕಟ್ಟುವ ಹೆಂಗಸು. ಇವಳು ಲೋಟಗಳಿಗೆ ಸುರಿಯುತ್ತಿದ್ದಾಳೆ. ಮಾವನೂ ಬಂದು ಕೂತಿದ್ದಾರೆ, ಕೋಲು ಮಂಡಿಗಳ ನಡುವೆ. ಗೊಬ್ಬರದವನು ಏನೋ ಅಂದ. ಮಾವ ನಗಲಿಲ್ಲ. ಶೆಡ್ಡಿನ ಕಡೆ ನೋಡಿದರು.

ಇವಳು ಕೂಗುತ್ತಿದ್ದಾಳೆ. ಎಲ್ಲರ ಮುಂದೆ ಹೇಗೆ ಶುರು ಮಾಡಲಿ? ಪೆಡಲ್ ಸಿಕ್ಕಿಕೊಂಡಿತ್ತು, ಅಂತ? ತುಕ್ಕು ಹಿಡಿದಿತ್ತು, ಅಂತ? ಅಲ್ಲ. ಆವತ್ತು ನಾನು —