ಹೆಣ್ಣೆಂದು ನಾನು ರುಜು ಹಾಕಿದ ಗಂಡು ಗಿಡ

ನಮ್ಮ ಸೀಮೆಯ ಮಾನ್ಯ ಅಬಕಾರಿ ಅಧಿಕಾರಿಗಳೇ,

ತಾವು ಹಿಡಿದಿಟ್ಟಿರುವುದು ತಪ್ಪು ಮನುಷ್ಯನನ್ನು. ಹಿಡಿಯಬೇಕಾದವನು ನಾನು. ಕೊಪ್ಪದ ಪಕ್ಕದ ಹಳ್ಳಿಯ ರೈತ ಮಾದಯ್ಯ ಕೊಟ್ಟಿಗೆಯ ಹಿಂದೆ ಗಾಂಜಾ ಬೆಳೆದನೆಂದು ಹನ್ನೊಂದು ದಿನದಿಂದ ಮಂಡ್ಯದಲ್ಲಿ ಕಂಬಿ ಎಣಿಸುತ್ತಿದ್ದಾನೆ. ಆ ಗಿಡ ಹೆಣ್ಣು ಎಂದು ಸರ್ಟಿಫಿಕೇಟು ಬರೆದುಕೊಟ್ಟವನು, ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುತ್ತಿರುವ ನಾನು. ಗಿಡ ಗಂಡು. ಇದನ್ನು ತಿಳಿಸಲು ತಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರು ಸಲವೂ ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ ಎಂದರು. ಕ್ಯಾಂಪಿಗೂ ಪತ್ರಿಕೆ ಬರುತ್ತದಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ತಮ್ಮ ಜಮೇದಾರರ ಕಣ್ಣಿಗೆ ಆಳೆತ್ತರದ ಒಂದೇ ಒಂದು ಗಿಡ ಬಿತ್ತು. ಹೆಣ್ಣು ಗಿಡದ ಹೂತೆನೆಯಾದರೆ ಕೇಸು, ಗಂಡಾದರೆ ಬರೀ ಸೊಪ್ಪು, ಬಿಟ್ಟುಬಿಡುತ್ತೇವೆ ಎಂದು ಅವರೇ ಹೇಳಿದರು. ಎಂಥ ನ್ಯಾಯವಂತರು! ಯಾವುದೆಂದು ಅವರಿಗೆ ತಿಳಿಯದೆ, ಬಲ್ಲವರೊಬ್ಬರು ಬೇಕೆಂದು ನನಗೆ ಹೇಳಿ ಕಳಿಸಿದರು. ಸರ್ಕಾರ ಕರೆಯಿತೆಂದು ನಾನು ಇಸ್ತ್ರಿ ಮಾಡಿದ ಕೋಟು ತೊಟ್ಟು ಹೋದೆ. ಕೊಟ್ಟಿಗೆಗೆ, ಕೋಟು! ಅರ್ಧ ಊರಿನ ಎದುರು ಜೇಬಿನಿಂದ ಭೂತಗನ್ನಡಿ ತೆಗೆದೆ. ಗಿಡದ ತುಂಬ ಗೊಂಚಲು ಗೊಂಚಲು ಹೂವು. ಮುಟ್ಟಿದರೆ ಹಳದಿ ಧೂಳು ಕೋಟಿನ ತೋಳಿನ ಮೇಲೆಲ್ಲ. ಇಷ್ಟು ಸಿಂಗರಿಸಿಕೊಂಡು ನಿಂತಿದೆ, ಹೆಣ್ಣಲ್ಲದೆ ಮತ್ತೇನು ಎಂದುಕೊಂಡೆ. ಇದು ನನ್ನ ಸಸ್ಯಶಾಸ್ತ್ರ! ವರ್ಷ ವರ್ಷವೂ ಬೋರ್ಡಿನ ಮೇಲೆ ದಾಸವಾಳ ಬರೆದು, ಆ ಧೂಳೆಂದರೆ ಪರಾಗ, ಪರಾಗವೆಂದರೆ ಗಂಡು ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದವನೂ ನಾನೇ. ಅಂದು, ಕೊಡವಿದರೂ ಹೋಗದ ಆ ಧೂಳಿನ ತೋಳಿನಲ್ಲೇ, ಲ್ಯಾಟಿನ್ ಹೆಸರಿನ ಸಮೇತ ಹೆಣ್ಣೆಂದು ಬರೆದು ಶಾಲೆಯ ಮೊಹರು ಒತ್ತಿದೆ. ರಾಜ್ಯ ಕರ್ನಾಟಕವಾಗಿ ವರ್ಷವಾದರೂ ಆ ಮೊಹರಿನಲ್ಲಿ ಇನ್ನೂ ಮೈಸೂರು ರಾಜ್ಯವೇ ಇದೆ. ಅದನ್ನಾದರೂ ನೋಡಿ ತಮ್ಮವರಿಗೆ ಅನುಮಾನ ಬರಬಾರದಿತ್ತೆ?

ಮಾದಯ್ಯನ ಹೆಂಡತಿ ಬೆಟ್ಟಮ್ಮ ಅಂದೇ ಏನೋ ಹೇಳಲು ಬಾಯಿ ತೆರೆದಳು. ನೀನು ಸುಮ್ಮನಿರಮ್ಮ, ಇದು ಶಾಸ್ತ್ರದ ವಿಷಯ ಎಂದೆ.

ಮೊನ್ನೆ ಭಾನುವಾರ ಆಕೆ ನಮ್ಮ ಮನೆಗೇ ಬಂದಳು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹಿತ್ತಲಲ್ಲಿ ನಾನು ಮೂರು ವರ್ಷದಿಂದ ನೀರೆರೆದು ಸಾಕಿದ, ಒಂದು ಕಾಯಿಯನ್ನೂ ಕೊಡದ ಪರಂಗಿ ಗಿಡವನ್ನು ನೋಡುತ್ತ ನಿಂತಳು.

"ಮೇಷ್ಟ್ರೇ, ಇದು ಗಂಡು ಕಣ್ರಪ್ಪ. ಊವು ಎಂಗೆ ಜೋತಾಡ್ತಾ ಅವೆ ನೋಡಿ. ನಮ್ಮದ್ರಲ್ಲೂ ಇಂಗೇ ಜೋತಾಡ್ತಿದ್ವು. ಎಣ್ಣು ಗಿಡ ಬೇರೆ ಇತ್ತು, ಎಲೆ ಸಂದೀಲಿ ಬಿಳೇ ಕೂದ್ಲು ಬುಟ್ಕಂಡು, ಮುಟ್ಟುದ್ರೆ ಅಂಟಂಟು. ಪಡ್ಡೆ ಐಕ್ಳು ಸೇದಾಕೆ ಬತ್ತವೆ ಅಂತ ನಾನೇ ಕಿತ್ತಾಕ್ದೆ. ಎತ್ತು ಒಟ್ಟೆ ಕೆಟ್ಟು ಉಚ್ಕಂಡಾಗ ತಿನ್ಸಾಕೆ ಸೊಪ್ಪಿರ್ಲಿ ಅಂತ ಇದೊಂದ ಬುಟ್ಟಿದ್ದೆ."

ನನ್ನ ಹೆಂಡತಿ ಪಂಕಜಮ್ಮ ಒಳಗಿನಿಂದ, ಎರಡು ವರ್ಷದಿಂದ ನಾನೂ ಈ ಪರಂಗಿ ಗಂಡು ಅಂತಲೇ ಹೇಳುತ್ತಿದ್ದೇನೆ ಎಂದು ಕೂಗಿದಳು.

ಅಂದರೆ ಸ್ವಾಮಿ, ತಮ್ಮ ಕಾನೂನು ಬಯಸುವುದನ್ನು ಬೆಟ್ಟಮ್ಮ ಯಾರೂ ಹೇಳದೆ ತಾನೇ ಮಾಡಿ ಮುಗಿಸಿದ್ದಳು. ಅದನ್ನು ಕೆಡಿಸಲು ಒಬ್ಬ ಬಿ.ಎಸ್ಸಿ. ಪದವೀಧರ ಬೇಕಾಯಿತು. ಬಲ್ಲವರನ್ನು ಹುಡುಕುತ್ತಿದ್ದ ತಮ್ಮವರಿಗೆ, ಬಲ್ಲವಳು ಎದುರಿಗೇ ನಿಂತಿದ್ದು ಕಾಣಲಿಲ್ಲ. ನನಗಂತೂ ಭೂತಗನ್ನಡಿ ಹಿಡಿದರೂ ಕಾಣಲಿಲ್ಲ.

ಮಂಗಳವಾರ ಮದ್ದೂರಿನ ಕೋರ್ಟಿನಲ್ಲಿ ಕೇಸು ಬರುತ್ತದೆ. ನನ್ನ ಸರ್ಟಿಫಿಕೇಟು ಬಿಟ್ಟರೆ ತಮ್ಮ ಕೈಯಲ್ಲಿ ಬೇರೇನೂ ಇಲ್ಲ, ಅದನ್ನು ನಾನು ಈ ಮೂಲಕ ವಾಪಸು ಪಡೆದಿದ್ದೇನೆ. ತಾವು ಕಟ್ಟಿಟ್ಟಿರುವ ಗಿಡವನ್ನು ಕೋರ್ಟಿಗೆ ತನ್ನಿ, ಎಲ್ಲರೆದುರು ಬಿಚ್ಚಿಸಿ, ಬೆಟ್ಟಮ್ಮನನ್ನು ಕೇಳಿ. ಆಕೆ ಹೇಳಲಿ, ನಾನು ಬರೆದುಕೊಳ್ಳುತ್ತೇನೆ. ಮಾದಯ್ಯ ಅಂದೇ ಸಂಜೆಯ ಬಸ್ಸಿಗೆ ಊರು ಸೇರಬೇಕು.

ಒಣಗಿದ ಗಿಡದಲ್ಲಿ ಹೂವೆಲ್ಲ ಉದುರಿಹೋಗಿದೆ ಎಂದು ತಮ್ಮವರು ಹೇಳಬಹುದು. ಚಿಂತೆಯಿಲ್ಲ. ನಾನು ಅದೇ ಕೋಟು ಹಾಕಿಕೊಂಡು ಬರುತ್ತೇನೆ. ಪಂಕಜಮ್ಮ ಎರಡು ಸಲ ಕೇಳಿದರೂ ಒಗೆಯಲು ಕೊಟ್ಟಿಲ್ಲ. ಹಳದಿ ಧೂಳು ತೋಳಿನ ಮೇಲೆ ಇನ್ನೂ ಹಾಗೆಯೇ ಇದೆ.

ಇಂತಿ,
ಗಂಡು ಪರಂಗಿಗೆ ಮೂರು ವರ್ಷ ನೀರು ಹೊತ್ತ
ಕಸ್ತೂರಿರಂಗ
ವಿಜ್ಞಾನದ ಮೇಷ್ಟ್ರು (ಸದ್ಯಕ್ಕೆ)
ಕೊಪ್ಪ, ನವೆಂಬರ್ ೧೯೭೪