ಎಂಜಿನ್ ಇಲ್ಲದ ಕಾರಿನ ಕಾಲ್ಮಣೆ

ಬಾಲಾ, ವೇಲ್ಸ್
14 ಅಕ್ಟೋಬರ್ 2011

ಗೆಥಿನ್,

‘ಪ್ರೀತಿಯ’ ಅಂತ ಬರೆಯಬೇಕೋ ಬೇಡವೋ ಅಂತ ಯೋಚಿಸುವಷ್ಟರಲ್ಲಿ ಟೀ ಆರಿಹೋಯಿತು. ಬರೀ ಹೆಸರೇ ಇರಲಿ. ವಿಷಯ ಇಷ್ಟು: ನೀನು ಫೋನಿನಲ್ಲಿ ಹೇಳಿದಂತೆ, ನೀನು ಹೊಸದಾಗಿ ಕಟ್ಟುತ್ತಿದ್ದ ಎಸ್ಕಾರ್ಟ್ ಕಾರು ಮಾರಿದೆ. ಎಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ, ವೈರಿಂಗ್ ಇಲ್ಲ; ಬಾಡಿ, ಒಳಗಿನ ಉಕ್ಕಿನ ಪಂಜರ, ಎರಡು ಸೀಟು, ತಳ್ಳಿದರೆ ಉರುಳುವ ನಾಲ್ಕು ಚಕ್ರ, ಇದ್ದದ್ದು ಇದ್ದ ಹಾಗೆ ಅಂತ ಜಾಹೀರಾತು ಹಾಕಿದ್ದೆ.

ಮೊದಲು ಬಂದವನು ಬಾಗಿಲಲ್ಲೇ, ‘ಯಜಮಾನ್ರು ಇಲ್ವೇನಮ್ಮಾ?’ ಅಂದ. ‘ಯಜಮಾನಿ ನಾನೇ, ಹೇಳಪ್ಪಾ’ ಅಂದೆ. ಹಿಂದಿನ ಆಕ್ಸಲ್ ಒಂದನ್ನೇ ಬಿಚ್ಚಿಕೊಡಬೇಕಂತೆ! ಕೋಳಿಯ ಕಾಲು ಮಾತ್ರ ಮಾರೋ ಅಂಗಡಿ ಇದಲ್ಲ ಅಂತ ಸಾಗಹಾಕಿದೆ. ನೀನಾಗಿದ್ದರೆ ಟೀ ಕೊಟ್ಟು ಆಕ್ಸಲ್ಲನ್ನೂ ಕೊಟ್ಟು ಕಳಿಸುತ್ತಿದ್ದೆ.

ಆಮೇಲೆ ಕೊರ್ವೆನ್‌ನ ಇಯಾಂಟೊ ಟ್ರೇಲರ್ ತಂದ. ಜೊತೆಗೆ ರ‍್ಯಾಲಿಯಲ್ಲಿ ಪಕ್ಕ ಕೂತು ದಾರಿ ಓದಿ ಹೇಳುವ ಅವನ ನ್ಯಾವಿಗೇಟರ್ ಹ್ಯೂ, ದೀಪದ ಕಂಬದಂಥ ಆಳು. ಇಯಾಂಟೊ ಕಾರಿನ ಕೆಳಗೆ ನುಗ್ಗಿ ಎಲ್ಲ ತಟ್ಟಿ ನೋಡಿ, ‘ಬೆಸುಗೆ ಹಾಕಿದ ಕೈಗೆ ಚಿನ್ನದ ಕಡಗ ಹಾಕ್ಬೇಕು ಕಣೋ’ ಅಂದ. ವ್ಯಾಪಾರ ಕುದುರಿತು. ಆಗ ಹ್ಯೂ ಎಡಗಡೆ ಸೀಟಿನಲ್ಲಿ ಕೂತು ನೋಡಿದ. ಮಂಡಿ ಗದ್ದಕ್ಕೆ ಬಂತು. ‘ಅಯ್ಯೋ, ಈ ಕಾಲ್ಮಣೆ ಯಾರಿಗ್ ಮಾಡಿದ್ದು? ಮಗೂಗಾ?’ ಅಂದ. ‘ಕತ್ತರಿಸಿ ಬಿಸಾಕಿದ್ರಾಯ್ತು ಬಿಡೋ, ಹತ್ತು ನಿಮಿಷದ ಕೆಲ್ಸ’ ಅಂದ ಇಯಾಂಟೊ.

ನ್ಯಾವಿಗೇಟರ್ ಕಾಲೂರುವ ಆ ತಗಡನ್ನು ಕೂರುವವರ ಅಳತೆ ಹಿಡಿದೇ ಬೆಸೆಯುತ್ತಾರೆ ಅಂತ ನಿನಗೇನು ಹೇಳುವುದು. ಆ ಕಾರಿನಲ್ಲಿ ನಾನು ಒಂದು ಸಲವೂ ಕೂತಿರಲಿಲ್ಲ. ಮೂರು ವರ್ಷದ ಹಿಂದೆ ರ‍್ಯಾಲಿಯಲ್ಲಿ ನಾನು ನ್ಯಾವಿಗೇಟರ್ ಆಗಿ ಕೂತಿದ್ದ ಹಳೇ ಕಾರು ಸೇತುವೆಗೆ ಗುದ್ದಿದ ಮೇಲೆ, ‘ಇವನು ಜೋರಾಗಿ ಓಡಿಸಿದ’ ಅಂತ ಊರಿಗೆಲ್ಲ ಸಾರಿದವಳು ನಾನು. ಊಟಕ್ಕೆ ಕೂತರೂ ಅದೇ ರಾಗ. ನೀನು ಹೂಂ ಅಂದು ಗ್ಯಾರೇಜಿಗೆ ಹೋಗುತ್ತಿದ್ದೆ. ಈ ವರ್ಷ ನೀನು ನಿನ್ನಣ್ಣನ ಮನೆಗೇ ಹೋಗಿಬಿಟ್ಟೆ. ಹೊಸ ಕಾರಿಗೆ ಬೇರೆ ಯಾರನ್ನೋ ಗೊತ್ತು ಮಾಡಿಕೊಂಡಿದ್ದೀಯ ಅಂತಲೇ ನಂಬಿದ್ದೆ.

ಅವರಿಬ್ಬರೂ ಹಗ್ಗ ತರಲು ಹೋದಾಗ ನಾನು ಹತ್ತಿ ಕೂತೆ. ನನ್ನ ಗಿಡ್ಡ ಕಾಲು ಚಾಚಿದಲ್ಲೇ ಹಿಮ್ಮಡಿ ಸರಿಯಾಗಿ ಊರಿತು. ಅಳತೆ ಯಾವಾಗ ತೆಗೆದೆಯೋ ಮಾರಾಯಾ? ಅತ್ತುಬಿಟ್ಟೆ. ಅವರು ಬಂದಾಗ ಧೂಳು ಅಂದೆ.

ಕೊಟ್ಟ ಮಾತು ಕೊಟ್ಟಿದ್ದೇ. ಕಾರು ಕೊಟ್ಟೆ. ಕಾಲ್ಮಣೆ ಮಾತ್ರ ಇಲ್ಲ ಅಂದೆ. ತಗಡು ಕೊಯ್ಯುವ ನಿನ್ನ ಗ್ರೈಂಡರ್ ಹುಡುಕಿ ನಾನೇ ಕತ್ತರಿಸಿದೆ. ‘ಅಕ್ಕಾ, ಬೆರಳು ಜೋಪಾನ!’ ಅಂತ ಇಯಾಂಟೊ ಕಿರುಚುತ್ತಲೇ ಇದ್ದ. ಸೊಟ್ಟಗಾಗಿದೆ, ಬೈಯಬೇಡ. ಆಮೇಲೆ ನಾನು ಸ್ಟಿಯರಿಂಗ್ ಹಿಡಿದೆ, ಅವರು ತಳ್ಳಿದರು, ಟ್ರೇಲರ್ ಹತ್ತಿತು. ಈಗ ಗ್ಯಾರೇಜ್ ಖಾಲಿ. ಎಂಜಿನ್ನೇ ಕಾಣದ ಕಾರಲ್ಲವೇ, ನೆಲದ ಮೇಲೆ ಒಂದು ತೊಟ್ಟು ಎಣ್ಣೆಯ ಕಲೆಯೂ ಇಲ್ಲ.

ಔಷಧಿ ತಪ್ಪಿಸಬೇಡ.

ಮೆರೆರಿಡ್

ಮತ್ತೆ: ಮರೆತೆ ಅನ್ನಲಾರೆ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆವತ್ತು ನೀನು ಜೋರಾಗಿ ಹೋಗಲಿಲ್ಲ. ನಾನು ಓದಿ ಹೇಳಿದಷ್ಟೇ ಹೋದೆ. ನಾನು ದಾರಿಯ ಟಿಪ್ಪಣಿ ಪುಸ್ತಕದ ಎರಡು ಹಾಳೆ ಒಟ್ಟಿಗೆ ಮಗುಚಿದ್ದೆ. ಸೇತುವೆಯ ಮುಂಚಿನ ತಿರುವು ನಡುವಿನ ಪುಟದಲ್ಲಿತ್ತು. ಆ ಪುಸ್ತಕ ಕಳೆದುಹೋಯಿತು ಅಂತ ಹೇಳಿದ್ದೆಯಲ್ಲ, ನಿನ್ನ ಗ್ರೈಂಡರ್ ಪೆಟ್ಟಿಗೆಯಲ್ಲಿ ಸಿಕ್ಕಿತು. ಆ ಎರಡು ಹಾಳೆ ಕೆಸರಿನಲ್ಲಿ ಅಂಟಿಕೊಂಡೇ ಇವೆ. ಮೊದಲಿಂದಲೂ ನಿನಗೆ ಗೊತ್ತಿತ್ತು.

ಕಾಲ್ಮಣೆ ಅಂಚೆಗೆ ಭಾರ. ನೀನೇ ಬಂದು ಒಯ್ಯಬೇಕು. ಬರುವಾಗ ಇನ್ನೊಂದು ಕಾರಿನ ಬಾಡಿ ಎಲ್ಲಾದರೂ ಸಿಕ್ಕರೆ ಎಳೆದುಕೊಂಡು ಬಾ. ಈ ಸಲ ಒಂದೊಂದೇ ಹಾಳೆ ಮಗುಚುತ್ತೇನೆ.