ರೇಡಿಯೊ ಮುಂದೆ ತುಂಬಿಸಿದ ಹಾಡುಗಳು

ಮನೀಶ್ ನಗರ, ನಾಗಪುರ

ಅಪ್ಪನಿಗೆ ನಮಸ್ಕಾರ.

ನೀವು ರೇಡಿಯೊ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿದ್ದ ನಿಮ್ಮ ಮೆಚ್ಚಿನ ಹಳೆಯ ರಾಕ್ ಅಂಡ್ ರೋಲ್ ಹಾಡುಗಳ ಕ್ಯಾಸೆಟ್ಟನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಮೊನ್ನೆ ಟೇಪು ಸಿಕ್ಕಿಕೊಂಡು ಹರಿಯಿತು. ಅಂದಿನಿಂದ ಬೃಂದಾ ಮಲಗುತ್ತಿಲ್ಲ, ನಾನೂ ಮಲಗಿಲ್ಲ. ಶ್ರೀಹರ್ಷ ಅವೇ ಹಾಡುಗಳನ್ನು ಮೊಬೈಲಿನಲ್ಲಿ ಹಾಕಿದರು. ಮಗು ಇನ್ನೂ ಜೋರಾಗಿ ಅತ್ತಿತು. "ಬರೋಬರ್ ಅವೇ ಹಾಡಲ್ಲೇನು?" ಅಂತ ನನ್ನನ್ನೇ ಕೇಳುತ್ತಾರೆ.

ಮೂರನೇ ಹಾಡಿನ ನಡುವೆ ಅವ್ವ, "ಸಾಕು ಬರ್ರಿ, ರೊಟ್ಟಿ ಆರಾಕತ್ತಾವ" ಎಂದು ಕೂಗುತ್ತಾಳಲ್ಲ, ಮಗು ಕಣ್ಣು ಮುಚ್ಚುವುದು ಅಲ್ಲಿಗೇ. ಅವಳ ದನಿ ಅಂತ ನಮ್ಮಲ್ಲಿ ಉಳಿದಿರುವುದೂ ಅಷ್ಟೇ. ಟೇಪು ಹರಿದಿರುವುದು ಅದರ ಪಕ್ಕದಲ್ಲೇ.

ಅಂಟಿಸುವಾಗ ಏನಾದರೂ ಕತ್ತರಿಸಬೇಕಾದರೆ ಹಾಡನ್ನೇ ಕತ್ತರಿಸಿ, ಅಪ್ಪ. ಜಲ್ದಿ ಕಳಿಸಿ.

ನಿಮ್ಮ ಮಗಳು,
ಅಕ್ಷರಾ